ನೋಲ್ಫಾಳ ಎಡಗಾಲಿನ ಪಟ್ಟಿಯನ್ನು ಹಿಂತಿರುಗಿಸಿ

ಆರೋಗ್ಯ ಸಾಧನಗಳಿಗೆ ಅನುಮೋದನೆ ನೀಡುವ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿಯ ಕಪಾಟಿನಲ್ಲಿ ಒಂದು ಮೊಣಕಾಲು ಪಟ್ಟಿ ಇದೆ. ಕಂದು ಚರ್ಮ, ಎರಡು ಉಕ್ಕಿನ ಕೀಲು, ನಾಲ್ಕು ಬಕಲ್. ಅದು ನಮ್ಮ ಗುಡ್ಡದ ಅಂಚೆಯಾಕೆ ನೋಲ್ಫಾ ಕತಲಾನ್‌ಳ ಎಡಗಾಲಿಗೆ ಸೇರಿದ್ದು. 'ಅನಧಿಕೃತ ವೈದ್ಯಕೀಯ ಸಾಧನ' ಎಂದು ಹೆಸರಿಟ್ಟು ತಾವದನ್ನು ವಶಪಡಿಸಿಕೊಂಡು ಇಂದಿಗೆ ನಲವತ್ತೊಂದು ದಿನ. ಪಟ್ಟಿ ಅಲ್ಲಿ ಸುಖವಾಗಿ ವಿಶ್ರಾಂತಿ ಪಡೆಯುತ್ತಿದೆ. ಕಾಲಿನ ವಿಷಯ ಹಾಗಿಲ್ಲ.

ನಾನು ವಾಲ್ಪರೈಸೋ ಬಂದರಿನ ಗುಡ್ಡದವಳು. ಮೂವತ್ತು ವರ್ಷ ಮದುವಣಗಿತ್ತಿಯರಿಗೆ ಕಾರ್ಸೆಟ್ ಹೊಲಿದಿದ್ದೇನೆ. ಉಸಿರು ಕಟ್ಟದಂತೆ ಸೊಂಟ ಬಿಗಿಯುವುದು ನನ್ನ ವಿದ್ಯೆ. ನೋಲ್ಫಾ ಇಪ್ಪತ್ತಾರು ವರ್ಷಗಳಿಂದ ಚೀಲ ಹೊತ್ತು ನಮ್ಮ ಮುನ್ನೂರ ಹನ್ನೆರಡು ಮೆಟ್ಟಿಲು ಹತ್ತುತ್ತಿದ್ದವಳು. ಕಳೆದ ಚಳಿಗಾಲದಲ್ಲಿ ಅವಳ ಮೊಣಕಾಲಿನ ಒಳಬದಿ ಸವೆದಿದೆ ಎಂದರು ವೈದ್ಯರು. ತಾವು ಅನುಮೋದಿಸಿದ ಪಟ್ಟಿಯೊಂದನ್ನು ಕೊಟ್ಟರು, ಅಳತೆ 'ಮಧ್ಯಮ'. ಐವತ್ತನೇ ಮೆಟ್ಟಿಲಿಗೆ ಅದು ಮೀನಖಂಡಕ್ಕೆ ಜಾರುತ್ತಿತ್ತು, ನೂರನೆಯದಕ್ಕೆ ಪಾದಕ್ಕೆ. ಒಂದು ದಿನ ನನ್ನ ಹೊಸ್ತಿಲ ಮೇಲೆ ಕುಸಿದು ಕೂತಳು.

"ಎರ್ಮಾಕ್ಕ, ಇದು ಪಟ್ಟಿನೋ ಕಾಲುಚೀಲಾನೋ?"

"ನಿನ್ನ ಕಾಲು ಎಲ್ಲಿ ಮಧ್ಯಮ ಕಣೇ? ಮೇಲೆ ಕುಂಬಳಕಾಯಿ, ಕೆಳಗೆ ಜೋಳದ ತೆನೆ."

"ನಗಿಸ್ಬೇಡ ಮಾರಾಯ್ತಿ. ಹೇಗೋ ಹತ್ತಿಬಿಡ್ತೀನಿ, ಇಳಿಯೋವಾಗ ಜೀವ ಹೋಗತ್ತೆ. ಹೀಗೇ ಆದ್ರೆ ಕೆಳಗೆ ಕಾಗದ ವಿಂಗಡಿಸೋಕೆ ಕೂರಿಸ್ತಾರಂತೆ. ಅಲ್ಲಿ ಒಂದು ಕಿಟಕಿನೂ ಇಲ್ಲ."

ಸಮುದ್ರ ನೋಡುತ್ತಾ ದುಡಿದವಳನ್ನು ಗೋಡೆ ನೋಡಲು ಕೂರಿಸುವುದೇ? ನಾನು ಟೇಪು ತಂದೆ. ತೊಡೆ, ಮಂಡಿ, ಮೀನಖಂಡ, ಮೂರನ್ನೂ ಅಳೆದೆ. ಬೆಳಿಗ್ಗೆ ಒಮ್ಮೆ, ಸುತ್ತು ಮುಗಿಸಿ ಬಂದ ಮೇಲೆ ಮತ್ತೊಮ್ಮೆ. ಮಾನ್ಯರೇ, ಒಂದೇ ದಿನದಲ್ಲಿ ಆ ಮಂಡಿ ಎರಡು ಬೆರಳಿನಷ್ಟು ಊದುತ್ತಿತ್ತು! ಬೆಳಗಿನ ಕಾಲಿಗೆ ಹೊಂದುವ ಪಟ್ಟಿ ಸಂಜೆಯ ಕಾಲನ್ನು ಹಿಂಡುತ್ತದೆ. ಹಾಗಾಗಿ ನಾನೇ ಚರ್ಮದ ಪಟ್ಟಿ ಹೊಲಿದು, ದಾರಿಯಲ್ಲೇ ನಿಂತು ಸಡಿಲಿಸಿಕೊಳ್ಳಲು ಬಕಲ್ ಇಟ್ಟೆ. ಮೊದಲ ಪಟ್ಟಿಯಲ್ಲಿ ಕೀಲು ಒಂದು ಬೆರಳು ಕೆಳಗಾಯಿತು. ಮಂಡಿ ಮಡಿಸಿದಾಗಲೆಲ್ಲ ಚರ್ಮ ಚಿವುಟಿತು. ನೋಲ್ಫಾ ಬೈದ ಬೈಗುಳವನ್ನು ಇಲ್ಲಿ ಬರೆಯಲಾರೆ. ಎರಡನೆಯದು ತಿರುಚಿಕೊಂಡಿತು. ಮೂರನೆಯದನ್ನು ನಾನೇ ಕಸಕ್ಕೆ ಎಸೆದೆ. ನಾಲ್ಕನೆಯದು ಒಳಬದಿಯ ಭಾರವನ್ನು ಹೊರಬದಿಗೆ ತುಸು ಸರಿಸಿತು. ಆರೋಗ್ಯ ಕೇಂದ್ರದ ವ್ಯಾಯಾಮ ಚಿಕಿತ್ಸಕಿ ಬಂದು ನೋಡಿ, ದಿನಾ ಚರ್ಮ ಪರೀಕ್ಷಿಸಿಕೊಳ್ಳಲು ಹೇಳಿ, ಒಪ್ಪಿಗೆಯಾಗಿ ತಲೆಯಾಡಿಸಿದರು. ನೋಲ್ಫಾ ಮುನ್ನೂರ ಹನ್ನೆರಡು ಮೆಟ್ಟಿಲನ್ನೂ ಕಂಬಿ ಹಿಡಿಯದೆ ಇಳಿದಳು. ಕೆಳಗೆ ನಿಂತು, ಇಡೀ ಗುಡ್ಡಕ್ಕೆ ಕೇಳುವಂತೆ ಕೂಗಿದಳು: "ಅಕ್ಕಾ, ಇಳಿದೆ ಕಣೇ!"

ಸವೆದ ಮೂಳೆಯನ್ನು ಬೆಳೆಸಿದೆ ಎಂದು ನಾನು ಎಲ್ಲೂ ಹೇಳಿಲ್ಲ. ನೋವು ಇಳಿಯಿತು, ಅಷ್ಟೇ. ಆಮೇಲೆ ಇನ್ನೂ ಎಂಟು ಮಂದಿ ಬಂದರು. ಕದ್ದುಮುಚ್ಚಿ ಮಾಡುವ ಕೆಲಸವಲ್ಲವಲ್ಲ ಎಂದು ತಮ್ಮ ಕಚೇರಿಗೇ ಅನುಮೋದನೆಗೆ ಬರೆದೆ. ಅದೇ ನಾನು ಮಾಡಿದ ಅಪರಾಧ. ಅರ್ಜಿಯಲ್ಲಿ 'ಅಳತೆ: ಸಣ್ಣ, ಮಧ್ಯಮ, ದೊಡ್ಡ' ಎಂದಿತ್ತು. ಮೂರನ್ನೂ ಹೊಡೆದುಹಾಕಿ 'ನೋಲ್ಫಾ' ಎಂದು ಬರೆದೆ.

ಎರಡು ವಾರಕ್ಕೆ ತಮ್ಮ ತಪಾಸಕರು ಏದುಸಿರು ಬಿಡುತ್ತಾ ಹತ್ತಿ ಬಂದರು. ಸಭ್ಯರು. ಮೂರು ಲೋಟ ಚಹಾ ಕುಡಿದ ಮೇಲೆ ಮಾತು ಹೊರಟಿತು.

"ಅಮ್ಮ, ನೋಲ್ಫಾ ಅನ್ನೋದು ಅಳತೆ ಅಲ್ಲ."

"ಅವಳ ಕಾಲಿಗೆ ಅದೊಂದೇ ಅಳತೆ ಸ್ವಾಮಿ."

"ಪರೀಕ್ಷೆಗೆ ಮಾದರಿಯಾಗಿ ಒಂದು ಪಟ್ಟಿ ಬೇಕು. ತೀರ್ಮಾನ ಆಗೋವರೆಗೂ ಹೊಸದು ಮಾಡೋ ಹಾಗಿಲ್ಲ."

ಆಗಷ್ಟೇ ಕಾಗದ ಕೊಡಲು ಬಂದಿದ್ದ ನೋಲ್ಫಾ ಬಾಗಿಲಲ್ಲೇ ನಿಂತು ಬಕಲ್ ಬಿಚ್ಚಿದಳು. "ಪಟ್ಟಿ ಸಾಕಾ ಸೆನ್ಯೋರ್, ಕಾಲೂ ಬೇಕಾ?" ಅವರು ನಗಲಿಲ್ಲ. ನಾವು ನಕ್ಕೆವು. ಅವಳು ಆ ದಿನ ಒಂದೊಂದೇ ಮೆಟ್ಟಿಲಿಗೆ ಕೂತು ಜರುಗುತ್ತಾ ಇಳಿದದ್ದನ್ನು ನೋಡಿದ ಮೇಲೆ ನನ್ನ ನಗು ನಿಂತಿತು.

ಪರೀಕ್ಷೆ ಬೇಡ ಎನ್ನುತ್ತಿಲ್ಲ, ಖಂಡಿತ ಆಗಲಿ. ಆದರೆ ಯಾರ ಕಾಲಿನ ಮೇಲೆ? ಲಿಫ್ಟ್ ಇರುವ ಕಟ್ಟಡದಲ್ಲಿ, ಸರಾಸರಿ ಮಂಡಿಯ ಯಾವ ಮಹನೀಯರ ಮೇಲೆ?

ಈಗ ಕೇಳಿ. ನೋಲ್ಫಾ ರಜೆ ಹಾಕಿದಳು. ಬದಲಿಗೆ ಬಂದಾತ ಮೆಟ್ಟಿಲುಗಳನ್ನು ಒಮ್ಮೆ ನೋಡಿ, ಗುಡ್ಡದ ಅಂಚೆಯನ್ನೆಲ್ಲ ಕೆಳಗಿನ ಮೀನಂಗಡಿಯಲ್ಲಿ ಇಟ್ಟು ಹೋಗತೊಡಗಿದ. ನನ್ನನ್ನು ವಿಚಾರಣೆಗೆ ಕರೆದ ತಮ್ಮ ಪತ್ರ ಅಲ್ಲೇ ಕೂತಿತ್ತು. ನನ್ನ ಕೈ ಸೇರಿದಾಗ ವಿಚಾರಣೆ ಮುಗಿದು ಒಂಬತ್ತು ದಿನ. 'ಅರ್ಜಿದಾರರು ಗೈರುಹಾಜರು, ಅರ್ಜಿ ವಜಾ' ಎಂಬ ಆದೇಶವೂ ಅದರ ಜೊತೆಗೇ ಬಂತು. ನನ್ನನ್ನು ಕರೆಯುವ ಕಾಗದವನ್ನು ಮೇಲೆ ತರಬೇಕಿದ್ದವಳ ಕಾಲನ್ನೇ ತಾವು ಕಪಾಟಿನಲ್ಲಿಟ್ಟು ಬೀಗ ಹಾಕಿದ್ದಿರಲ್ಲ, ಮಾನ್ಯರೇ?

ಬರುವ ಸೋಮವಾರ ನೋಲ್ಫಾ ಕಿಟಕಿಯಿಲ್ಲದ ಕೋಣೆಗೆ ಹೋಗಬೇಕು. ಅದಕ್ಕೆ ಮೊದಲು ಪಟ್ಟಿ ಹಿಂದಿರುಗಲಿ. ವಿಚಾರಣೆ ಹೊಸದಾಗಿ ನಡೆಯಲಿ, ನಮ್ಮ ಮೆಟ್ಟಿಲ ಮೇಲೆ, ಅವಳದೇ ಕಾಲಿನ ಮೇಲೆ. ಅರ್ಜಿಯಲ್ಲಿ 'ತೊಡುವವರ ಅಳತೆ' ಎಂಬ ಒಂದು ಸಾಲು ಸೇರಲಿ. ದಯವಿಟ್ಟು ಉತ್ತರವನ್ನು ಅಂಚೆಗೆ ಹಾಕಬೇಡಿ, ಮೀನಿನ ವಾಸನೆ ಹತ್ತುತ್ತದೆ. ತಾವೇ ಹತ್ತಿ ಬಂದು ಕೊಡಿ. ಇಳಿಯುವಾಗ ಮಂಡಿ ಏನನ್ನುತ್ತದೆ ಎಂದು ತಮಗೂ ತಿಳಿಯಲಿ.

ಇಂತಿ,
ತಮ್ಮ ದಾಖಲೆಯಲ್ಲಿ ಗೈರುಹಾಜರಾಗಿರುವ, ಟೇಪು ಹಿಡಿದು ಮನೆಯಲ್ಲೇ ಕಾದಿರುವ,
ಎರ್ಮೆಲಿಂದಾ ಓಯಾರ್ಸೂನ್