ರೈಲಿನಲ್ಲಿ ಕೊಂಡೋ ಪಾಜಿಯ ಹೆಣ

ಟಬೋರಾ ರೈಲು ನಿಲ್ದಾಣ,
೧೪ ಜುಲೈ ೧೯೮೭

ನಲವತ್ತು ಹಸುಗಳ ಒಡತಿಯೂ, ಮೂವರು ಸೊಸೆಯರ ಸಿಂಹಸ್ವಪ್ನವೂ, ಒನಕೆ ಹಾಡುಗಳ ಏಕೈಕ ಮಹಾರಾಣಿಯೂ ಆದ ನ್ಯಾಂಜೋಬೆ ಅಜ್ಜಿಯ ದಿವ್ಯ ಪಾದಗಳಿಗೆ ಮೊಮ್ಮಗ ಲುಶಿಂಗೆ ಮಂಡಿಯೂರಿ ಮಾಡುವ ನಮಸ್ಕಾರಗಳು.

ಮೊಣಕಾಲು ನೋವು ಹೇಗಿದೆ? ಉಳಿದ ನಾಲ್ಕು ಹಲ್ಲುಗಳು ಕ್ಷೇಮವೇ? ಕ್ಷೇಮವಾಗಿದ್ದರೆ ನಾಲ್ಕನ್ನೂ ತೋರಿಸಿ ನಗು. ನಿನ್ನ ಸೇಡು ತೀರಿತು.

ದಾರ್ ಎಸ್ ಸಲಾಮ್‌ನಿಂದ ಹೊರಟ ರೈಲಿನಲ್ಲಿ ನನ್ನೆದುರು ಕುಳಿತಿದ್ದವನು ಯಾರು ಗೊತ್ತೇ? ದೇಶವನ್ನೇ ಕುಣಿಸುವ ಗಾಯಕ ಕೊಂಡೋ ಪಾಜಿ! ಜೋಳ ಕುಟ್ಟುತ್ತಾ ನೀನು ಕಟ್ಟಿದ ಹಾಡನ್ನು ರೇಡಿಯೋದಲ್ಲಿ ಹಾಡಿ, 'ಇದು ದಿಕ್ಕಿಲ್ಲದ ಹಾಡು, ಕಟ್ಟಿದವರು ಯಾರೂ ಇಲ್ಲ' ಎಂದನಲ್ಲ, ಅದೇ ಮಹಾನುಭಾವ. ಅಂದು ರೇಡಿಯೋ ಆರಿಸಿದ ನೀನು ಇಂದಿನವರೆಗೆ ಒನಕೆ ಹಿಡಿದರೂ ಹಾಡಿಗೆ ಬಾಯಿ ತೆರೆದಿಲ್ಲ. ಅದನ್ನು ನಾನು ಮರೆತೇನೆ?

ಸರಾಂಡಾ ನಿಲ್ದಾಣದಲ್ಲಿ ಕಿಟಕಿಯಿಂದಲೇ ಹುರಿದ ಕೋಳಿ ಕೊಂಡು, ಇಡಿಯಾಗಿ ತಿಂದು, ಮಧ್ಯಾಹ್ನ ಬಾಯಿ ಕಳೆದು ನಿದ್ದೆಹೋದ. ಅವನು ಜರಾಮೋ, ನಾವು ಸುಕುಮಾ. ನಮ್ಮೆರಡು ಕುಲಗಳದು ಗೇಲಿಯ ನಂಟು. ಅವರ ಹೆಣದ ಮುಂದೆ ನಿಂತು ಸತ್ತವನ ಹುಳುಕನ್ನೆಲ್ಲ ಆಡುವುದು ನಮ್ಮ ಹಕ್ಕು, ಸಿಟ್ಟಾಗದೆ ಕೇಳುವುದು ಅವರ ಕರ್ಮ ಎಂದು ಕಲಿಸಿದವಳು ನೀನೇ. ಆದರೆ ಅವನು ಸಾಯುವವರೆಗೆ ಕಾಯಲು ನನಗೆಲ್ಲಿ ಪುರುಸೊತ್ತು? ಹೊದಿಕೆಯನ್ನು ಅವನ ತಲೆಯವರೆಗೂ ಎಳೆದು ಎದೆ ಬಡಿದುಕೊಂಡೆ. "ಅಯ್ಯೋ ಬನ್ರಪ್ಪೋ, ಜರಾಮೋಗಳ ಕೋಗಿಲೆ ಸತ್ತೋಯ್ತು! ನಮ್ಮಜ್ಜಿ ಹಾಡು ನುಂಗಿ, ಗಂಟಲಿಗೆ ಸಿಕ್ಕಾಕ್ಕೊಂಡು ಸತ್ತೋಯ್ತು!"

ಬೋಗಿಯಲ್ಲಿದ್ದ ಸುಕುಮಾ ಹೆಂಗಸರು ಓಡಿಬಂದು ಅಳುವಿಗೆ ದನಿಗೂಡಿಸಿದರು. ಹೆಣ ಏಳಲು ನೋಡಿತು. ದಪ್ಪನೆಯ ಹೆಂಗಸೊಬ್ಬಳು, "ಮಲಕ್ಕೊಳೋ ಭಾವ, ಹೆಣಕ್ಕೆಂಥ ಅವಸರ!" ಎಂದು ಒತ್ತಿ ಮಲಗಿಸಿದಳು. "ಜೀವ ವಾಪಸ್ ಬೇಕಾ? ಹಾಡು ಸುಕುಮಾಗಳ ನ್ಯಾಂಜೋಬೆಯದ್ದು ಅಂತ ಹೇಳು," ಎಂದೆ. ಹೊದಿಕೆ ಸರಿಸಿ ನನ್ನ ಮುಖವನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಹಾಡಿದ, ಅಜ್ಜಿ, ಮೊದಲ ಸಾಲಿನಲ್ಲೇ ನಿನ್ನ ಹೆಸರಿಟ್ಟು! ಇಟಿಗಿ ದಾಟುವವರೆಗೂ ಇಡೀ ಬೋಗಿಯಲ್ಲಿ ನ್ಯಾಂಜೋಬೆ, ನ್ಯಾಂಜೋಬೆ. ಇನ್ನು ಎಲ್ಲಿ ಹಾಡಿದರೂ ಹೀಗೇ ಹಾಡುವೆನೆಂದು ಆಣೆಯಿಟ್ಟ.

ಒನಕೆ ಎತ್ತಿಕೋ, ಹಾಡು. ಸೊಸೆಯರಿಗೂ ಹಸುಗಳಿಗೂ ಹಿರಿತನದ ಪ್ರಕಾರ ನನ್ನ ನೆನಪು ಹೇಳು; ಹಸುಗಳಿಗೆ ಮೊದಲು.

ನಿನ್ನ ಮಾನರಕ್ಷಕ,
ಲುಶಿಂಗೆ

ತಾ.ಕ.: ನಾನು ಹತ್ತಬೇಕಾದ ಕಿಗೋಮಾ ರೈಲು ಹೊರಡುತ್ತಿದೆ, ಬೇಗ ಹೇಳಿಬಿಡುತ್ತೇನೆ. ಕೊಂಡೋ ಇಲ್ಲಿ ಇಳಿಯುವಾಗ ನನ್ನ ಕಿವಿಯಲ್ಲಿ, "ಮ್ವಾಂಜಾದ ಮದುವೇಲಿ ನಂಗೆ ಈ ಹಾಡು ಹೇಳ್ಕೊಟ್ಟು, 'ದಿಕ್ಕಿಲ್ಲದ ಹಾಡು, ನೀವೇ ಇಟ್ಕೊಳ್ಳಿ' ಅಂದೋನು ನೀನೇ ಅಲ್ವೇನೋ?" ಎಂದ. ಬೋಗಿಯಲ್ಲಿ ಒಬ್ಬರಿಗೂ ಹೇಳಿರಲಿಲ್ಲ, ಪುಣ್ಯಾತ್ಮ. ಹೌದು ಅಜ್ಜಿ, ನಾನೇ. ಅವನ ಪಕ್ಕ ನಿಂತು ಒಂದು ಫೋಟೋ ತೆಗೆಸಿಕೊಳ್ಳುವ ಆಸೆಗೆ. ಆ ಫೋಟೋವನ್ನು ನಿನ್ನ ಪೆಟ್ಟಿಗೆಯ ತಳದಲ್ಲೇ ಬಚ್ಚಿಟ್ಟಿದ್ದೇನೆ.