ಡಿಕ್ಕಿಯಲ್ಲಿ ಜಾಗವಿಲ್ಲದ ಡೊಳ್ಳು

೧೦ ಮಾರ್ಚ್ ೨೦೨೪, ರವಿವಾರ, ಮೋರಟಗಿ

ಕಾರಿನ ಡಿಕ್ಕಿಯಲ್ಲಿ ಕೂತ ಆ ಗ್ಯಾಸ್ ಟಾಕಿಯನ್ನು ಕಿತ್ತೆಸೆಯಬೇಕೆನಿಸುತ್ತಿದೆ. ಕಿತ್ತರೂ ಇವತ್ತಿನದು ಸರಿಹೋಗುವುದಿಲ್ಲ.

ಪೆಟ್ರೋಲಿನ ಖರ್ಚು ಉಳಿದು ಇನ್ನಷ್ಟು ಊರಿಗೆ ಅಪ್ಪನ ಹಾಡು ಮುಟ್ಟಲಿ ಎಂದೇ ಹಳೆಯ ಅಂಬಾಸಿಡರ್‌ಗೆ ನಿನ್ನೆ ಎಲ್‌ಪಿಜಿ ಕೂರಿಸಿದ್ದು. ವಿಜಯಪುರದ ಮಿಸ್ತ್ರಿ ಕೇಳಿಯೇ ಕೇಳಿದ್ದ: “ಟಾಕಿ ಡಿಕ್ಕಿ ಪೂರಾ ತಿಂತೈತ್ರಿ. ಸಾಮಾನು ಎಲ್ಲಿಡ್ತೀರಿ?”

“ನಮ್ಮದೇನೂ ಸಾಮಾನಿಲ್ರಿ” ಎಂದುಬಿಟ್ಟೆ.

ಡೊಳ್ಳನ್ನು ನಮ್ಮ ಮನೆಯಲ್ಲಿ ಯಾರೂ ಸಾಮಾನು ಅನ್ನುವುದಿಲ್ಲ. ಅದಕ್ಕೇ ನೆನಪಾಗಲಿಲ್ಲ. ಇಷ್ಟು ವರ್ಷ ಅದೇ ಡಿಕ್ಕಿಯಲ್ಲಿ ಕಂಬಳಿ ಹಾಸಿ ಅದನ್ನು ಮಲಗಿಸಿಕೊಂಡು ತಿರುಗಿದವನು ನಾನು!

ಇವತ್ತು ಡೊಳ್ಳಿನ ಪದಕ್ಕೆ ನಿಡಗುಂದಿಗೆ ಹೊರಟಾಗ ಗೊತ್ತಾಯಿತು. ಕಾರಿನ ಮೇಲೆ ಕಟ್ಟಿದರೆ ಬಿಸಿಲಿಗೆ ಚರ್ಮ ಬಿರಿಯುತ್ತದೆ. ಒಳಗೆ ಮೇಳದವರು ನಾವೇ ಐದು ಜನ. ಅಪ್ಪ ಇಳಿದ. ತನ್ನ ಸೀಟಿನ ಮೇಲೆ ಕಂಬಳಿ ಹಾಸಿ ಡೊಳ್ಳನ್ನು ಕೂರಿಸಿದ.

“ಬಸ್ಸಿಗೆ ಬಾ ಯಪ್ಪಾ” ಎಂದೆ.

“ಡೊಳ್ಳಿಲ್ಲದ ಮ್ಯಾಳ ಐತೇನು? ನಾ ಇಲ್ಲದಿದ್ರ ನಡೀತೈತಿ. ಹೋಗ್ರಿ.”

ಪದದ ಮೊದಲ ನುಡಿ ಎತ್ತುವವನು ಯಾವಾಗಲೂ ಅಪ್ಪ. ನಿಡಗುಂದಿಯಲ್ಲೂ ರೂಢಿಯಂತೆ ಎಲ್ಲರೂ ಕಾದೆವು. ಡೊಳ್ಳು ಬಡಿಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ. ಕೊನೆಗೆ ತಮ್ಮ ಬೀರಣ್ಣ ಹೇಗೋ ಹಾಡಿದ.

ಮನೆಗೆ ಬಂದಾಗ ಅಪ್ಪ ಕಟ್ಟೆಯ ಮೇಲೆ ಕಾಯುತ್ತ ಕೂತಿದ್ದ. “ಪದ ಯಾರು ಎತ್ತಿದ್ರು?”

“ಬೀರಣ್ಣ.”

“ಛಲೋ ಆತು.”

ಡೊಳ್ಳು ಇಳಿಸಿ, ಸೀಟಿನ ಮೇಲಿನ ಕಂಬಳಿ ತೆಗೆಯಹೋದೆ.

“ತಗೀಬ್ಯಾಡ,” ಎಂದ. “ಇನ್ನ ಡೊಳ್ಳು ಅಲ್ಲೇ ಕೂಡ್ಲಿ.”