ಬೂದಿಗೆರೆಯಲ್ಲಿ ಮೊದಲ ಭಾಷಣ

೧೮–೧–೧೯೪೮, ಭಾನುವಾರ

ಆ ರಾಗ ಇನ್ನೂ ಕಿವಿಯಲ್ಲಿದೆ. ಹೆಡ್‌ಮಾಸ್ಟರ್ ಕೆಲಸ ಬಿಟ್ಟು ಚುನಾವಣೆಗೆ ನಿಂತ ಮೇಲೆ ಇವತ್ತು ಬೂದಿಗೆರೆಯಲ್ಲಿ ಮೊದಲ ಭಾಷಣ. ಜನರೇ ಆರಿಸುವ ಜವಾಬ್ದಾರಿ ಸರ್ಕಾರವೆಂದರೇನೆಂದು ಗಂಟಲು ಹರಿಯುವಂತೆ ಹೇಳಿ, ಅಭ್ಯಾಸಬಲ, ಕೊನೆಗೆ “ಅರ್ಥವಾಯಿತೇ?” ಎಂದುಬಿಟ್ಟೆ. ಊರಿಗೆ ಊರೇ “ಆಯ್ತು ಮೇಷ್ಟ್ರೇ” ಎಂದು ರಾಗ ಎಳೆಯಿತು. ಹಾಗೆ ಒಟ್ಟಿಗೆ ಹೇಳಿದರೆ ಒಬ್ಬರಿಗೂ ಆಗಿಲ್ಲವೆಂದೇ ಲೆಕ್ಕ. ಮೈ ಉರಿಯಿತು.

ಜಗಲಿಯ ಮೇಲಿದ್ದ ಮುದುಕಿ ಅಕ್ಕಯಮ್ಮ ಮಾತ್ರ, “ನಂಗಾಗ್ಲಿಲ್ಲ ಕಣಪ್ಪ. ಮಾರಾಜ್ರು ಇರೋವಾಗ ನಮ್ಮನ್ಯಾಕೆ ಕೇಳ್ತಾರೆ?” ಎಂದಳು.

ಎಷ್ಟು ಹಿತವಾಯಿತು. ಅವಳ ಪಕ್ಕದಲ್ಲೇ ಕೂತು ಮೊದಲಿಂದ ಹೇಳಿದೆ. ಒಬ್ಬೊಬ್ಬರೇ ಹತ್ತಿರ ಸರಿದು ಕೇಳತೊಡಗಿದರು. ಅವರಲ್ಲಿ ಅಪ್ಪಯ್ಯಣ್ಣನೆಂಬವನಂತೂ ಜಗಳಕ್ಕೇ ನಿಂತ. ದೀಪ ಹಚ್ಚುವ ಹೊತ್ತಾದರೂ ಯಾರೂ ಏಳಲಿಲ್ಲ.

ಗಾಡಿ ದೇವನಹಳ್ಳಿ ತಲುಪಿದ ಮೇಲೆ ನೆನಪಾಯಿತು, ಓಟು ಕೇಳಲೇ ಇಲ್ಲ. ನಾಳೆ ಮತ್ತೆ ಹೋಗಬೇಕು. ಅಕ್ಕಯಮ್ಮ ಇನ್ನೊಂದು ಪ್ರಶ್ನೆ ಕೇಳಿದರೆ ನಾಳೆಯೂ ಮರೆಯುತ್ತೇನೆ.